ಮುಖತ್ಯಾರ ಇರುವ ತನಕ, ನಾಮಿನಿ ಹೋದ ಮೇಲೆ: ಮನೆಯ ಹಿರಿಯರ ಬ್ಯಾಂಕ್ ಖಾತೆ ನೋಡಿಕೊಳ್ಳುವ ಬಗೆ

ಧಾರವಾಡದ ಮಾಳಮಡ್ಡಿಯಲ್ಲಿದ್ದ ನಮ್ಮ ಕಾಕಾ ಹೈಸ್ಕೂಲ್ ಮಾಸ್ತರರಾಗಿ ನಿವೃತ್ತರಾದವರು. ಲೆಕ್ಕಪತ್ರದಲ್ಲಿ ಭಾಳ ಕಟ್ಟುನಿಟ್ಟು. ಮೊಣಕಾಲು ನೋವಿಗೆ ಬ್ಯಾಂಕಿನ ಮೆಟ್ಟಿಲು ಹತ್ತಲು ಆಗದಾದಾಗ ಮಗನ ಹೆಸರಿಗೆ ವಟಮುಖತ್ಯಾರ ಪತ್ರ, ಅಂದರೆ ತಮ್ಮ ಪರವಾಗಿ ವ್ಯವಹಾರ ನಡೆಸುವ ಅಧಿಕಾರ ಕೊಡುವ ಪವರ್ ಆಫ್ ಅಟಾರ್ನಿ, ಮಾಡಿಸಿದರು. ಎರಡು ವರ್ಷ ಎಲ್ಲ ಸರಳವಾಗಿ ನಡೆಯಿತು. ಒಂದು ಶುಕ್ರವಾರ ರಾತ್ರಿ ಕಾಕಾ ತೀರಿಕೊಂಡರು. ಸೋಮವಾರ ಮಗ ಅದೇ ಪತ್ರ ಹಿಡಿದು ಹದಿಮೂರನೇ ದಿನದ ಖರ್ಚಿಗೆ ದುಡ್ಡು ತೆಗೆಯಲು ಹೋದ.

ಮ್ಯಾನೇಜರ್ ಕೊಡಲಿಲ್ಲ. 'ಬಾಂಡ್ ಪೇಪರ್ ಅದ, ನೋಟರಿ ಆಗ್ಯದ, ಇನ್ನೇನ್ ಬೇಕ್ರಿ?' ಅಂತ ಇವನು ದನಿ ಏರಿಸಿದ. 'ಮಾಸ್ತರ್ರು ಇರೋ ತನಕ ಇದು ನಡೀತಿತ್ರಿ. ಈಗ ನಾಮಿನಿ ಬರಬೇಕು' ಅಂದರು ಅವರು. ಕಂಪ್ಯೂಟರ್ ನೋಡಿದರೆ ನಾಮಿನಿ ನಮ್ಮ ಅತ್ಯಾ, ಅಂದರೆ ಕಾಕಾನ ಅಕ್ಕ. ಮದುವೆಗೆ ಮುಂಚೆ ಖಾತೆ ತೆಗೆದಾಗ ಬರೆಸಿದ ಹೆಸರು. ಅತ್ಯಾ ತೀರಿಕೊಂಡು ಆಗಲೇ ಒಂಬತ್ತು ವರ್ಷವಾಗಿತ್ತು.

ಮ್ಯಾನೇಜರ್ ಮಾತು ಸರಿಯಾಗಿತ್ತು, ತಪ್ಪು ನಮ್ಮದೇ. ನಮ್ಮ ಕಡೆ ಸುಮಾರು ಮನೆಗಳಲ್ಲಿ ಇದೇ ಗೊಂದಲ ಇದೆ. ಮುಖತ್ಯಾರ ಪತ್ರ ಮಾಡಿಸಿದವರು ನಾಮಿನಿ ಬೇಡ ಅಂದುಕೊಳ್ಳುತ್ತಾರೆ. ನಾಮಿನಿ ಬರೆಸಿದವರು, ನಾಳೆ ನಾನು ಹಾಸಿಗೆ ಹಿಡಿದರೆ ಅವನೇ ಹೋಗಿ ದುಡ್ಡು ತರುತ್ತಾನೆ ಅಂದುಕೊಳ್ಳುತ್ತಾರೆ. ಎರಡೂ ಆಗದ ಮಾತು.

ಎರಡು ಕಾಗದಕ್ಕೆ ಎರಡು ಕಾಲ

ಮುಖತ್ಯಾರ ಪತ್ರ ಕೊಟ್ಟವರು ಬದುಕಿರುವ ತನಕ ಮಾತ್ರ ಅದಕ್ಕೆ ಜೀವ. ಕೊಟ್ಟವರು ತೀರಿಕೊಂಡರೆ, ಅಥವಾ ಅವರ ಬುದ್ಧಿ ಸ್ಥಿಮಿತ ತಪ್ಪಿದರೆ, ಪತ್ರವೂ ಮುಗಿಯಿತು. ಇದನ್ನು 1872ರ ಕರಾರು ಕಾಯ್ದೆಯ 201ನೇ ಕಲಮೇ ಹೇಳುತ್ತದೆ. ಪತ್ರ ಪಡೆದವನು ಸತ್ತರೂ ಅಷ್ಟೇ. ಅವನ ಹೆಂಡತಿಗೋ ಮಗನಿಗೋ ಆ ಅಧಿಕಾರ ದಾಟುವುದಿಲ್ಲ.

ನಾಮಿನಿಯದು ಇದಕ್ಕೆ ಪೂರಾ ಉಲ್ಟಾ. ಖಾತೆದಾರರು ಬದುಕಿರುವಾಗ ನಾಮಿನಿಗೆ ಖಾತೆಯಲ್ಲಿ ಎಷ್ಟು ದುಡ್ಡಿದೆ ಎಂದು ಕೇಳುವ ಹಕ್ಕೂ ಇಲ್ಲ. ಅವನ ಕೆಲಸ ಶುರುವಾಗುವುದೇ ಅವರು ಹೋದ ಮೇಲೆ. ಆಗಲೂ ಅವನು ಹಣ ಪಡೆದುಕೊಳ್ಳುವವನು ಮಾತ್ರ, ಮಾಲೀಕನಲ್ಲ. ಇದನ್ನು ಮುಂದೆ ಹೇಳುತ್ತೇನೆ.

ಮಕ್ಕಳು ಅಮೆರಿಕದಲ್ಲಿರುವ ಮನೆಗಳಲ್ಲಿ ಇನ್ನೊಂದು ತರಹದ ಗೊಂದಲ. ಅಲ್ಲಿ 'ಡ್ಯೂರಬಲ್' ಪವರ್ ಆಫ್ ಅಟಾರ್ನಿ ಅಂತ ಇದೆ, ಕೊಟ್ಟವರ ಬುದ್ಧಿ ಹೋದರೂ ಅದು ನಡೆಯುತ್ತದೆ. ಅಲ್ಲಿ ಖಾತೆಗೆ ಬೆನಿಫಿಷಿಯರಿ ಅಂತ ಬರೆಸಿದವರಿಗೆ ಸಾಮಾನ್ಯವಾಗಿ ಆ ಹಣ ಸ್ವಂತಕ್ಕೇ ಸೇರುತ್ತದೆ. ಮಗ ಫೋನಿನಲ್ಲಿ ಹೇಳಿದ್ದನ್ನು ಕೇಳಿ ಇಲ್ಲಿ ಹಾಗೇ ಮಾಡಲು ಹೋಗಬೇಡಿ. ಇಲ್ಲಿನ ಕಾಯ್ದೆಯಲ್ಲಿ ಆ ಎರಡೂ ಇಲ್ಲ.

ಮೊದಲು ಟ್ರಂಕ್ ತೆಗೆಯಿರಿ

ವಕೀಲರ ಹತ್ತಿರ ಓಡುವ ಮೊದಲು ಮನೆಯಲ್ಲಿರುವ ಪಾಸ್‌ಬುಕ್ಕು, ಎಫ್‌ಡಿ ರಸೀದಿ, ಲಾಕರ್ ಕೀಲಿ ಎಲ್ಲ ಒಂದು ಕಡೆ ಹರವಿ. ಒಂದು ನೋಟ್‌ಬುಕ್ಕಿನಲ್ಲಿ ಬ್ಯಾಂಕು, ಶಾಖೆ, ಖಾತೆ ನಂಬರು, ಯಾರ ಯಾರ ಹೆಸರಿದೆ, ನಾಮಿನಿ ಯಾರು ಅಂತ ಬರೆಯಿರಿ. ಪಾಸ್‌ಬುಕ್ಕಿನ ಮೊದಲ ಪುಟದಲ್ಲೇ ನಾಮಿನೇಷನ್ ನೋಂದಣಿ ಆಗಿದೆ ಎಂದು ಅಚ್ಚಾಗಿರಬೇಕು. ಖಾತೆದಾರರು ಒಪ್ಪಿದರೆ ನಾಮಿನಿಯ ಹೆಸರನ್ನೂ ಅಚ್ಚು ಮಾಡಿಕೊಡುತ್ತಾರೆ. ಆ ಜಾಗ ಖಾಲಿ ಇದ್ದರೆ ಬ್ಯಾಂಕಿಗೆ ಹೋಗಿ ಕೇಳಿ.

ಹಳೇ ಪಾಸ್‌ಬುಕ್ಕುಗಳ ಮೇಲೆ ಈಗ ಇಲ್ಲದ ಬ್ಯಾಂಕುಗಳ ಹೆಸರಿರುತ್ತವೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಆಯಿತು. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಆಯಿತು, ಅದೇ ವರ್ಷ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಹೋಯಿತು. ನಮ್ಮ ಧಾರವಾಡದಲ್ಲೇ ಮುಖ್ಯ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗೆ ಸೇರಿದೆ, ಮುಖ್ಯ ಕಚೇರಿ ಈಗ ಬಳ್ಳಾರಿ. ಖಾತೆಗೆ ಏನೂ ಆಗಿರುವುದಿಲ್ಲ. ಆದರೆ 1990ರಲ್ಲಿ ಕಾಗದದ ಮೇಲೆ ಬರೆದುಕೊಟ್ಟ ನಾಮಿನಿ ಈಗಿನ ಕಂಪ್ಯೂಟರಿನಲ್ಲಿ ಇದೆಯೋ ಇಲ್ಲವೋ, ಅದನ್ನು ಕಣ್ಣಾರೆ ನೋಡಿಯೇ ಬನ್ನಿ. ಅನುಮಾನ ಬಂದರೆ ಹೊಸದಾಗಿ ಬರೆದುಕೊಡಿ, ಖರ್ಚೇನೂ ಇಲ್ಲ.

ಪತ್ತಿನ ಸಂಘ, ಸೌಹಾರ್ದ ಸಹಕಾರಿಯಲ್ಲಿಟ್ಟ ಠೇವಣಿಯನ್ನು ಬೇರೆ ಪುಟದಲ್ಲಿ ಬರೆಯಿರಿ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಸಂಘ ಕಟ್ಟಿದ ನಾಡು ನಮ್ಮದು, ಹಾಗಾಗಿ ಪ್ರತಿ ಮನೆಯಲ್ಲೂ ಇಂಥ ರಸೀದಿ ಒಂದೆರಡು ಇದ್ದೇ ಇರುತ್ತವೆ. ಹೆಸರಿನಲ್ಲಿ ಬ್ಯಾಂಕ್ ಅಂತ ಲೈಸೆನ್ಸ್ ಇರುವ ಸಹಕಾರಿ ಬ್ಯಾಂಕುಗಳಿಗೆ ನಾನು ಇಲ್ಲಿ ಹೇಳುವ ಬ್ಯಾಂಕಿಂಗ್ ನಿಯಮ ಅನ್ವಯಿಸುತ್ತದೆ. ಬರೀ ಸಂಘ, ಸೊಸೈಟಿ ಆಗಿದ್ದರೆ ಅವರ ಕಾಯ್ದೆ, ಬೈಲಾ ಬೇರೆ. ಬ್ಯಾಂಕ್ ಠೇವಣಿಗಿರುವ 5 ಲಕ್ಷ ರೂಪಾಯಿ ತನಕದ ವಿಮೆಯೂ ಅಲ್ಲಿ ಇಲ್ಲ. ನಾಮಿನಿ ಬರೆಸುವ ಪದ್ಧತಿಯನ್ನು ಆ ಕಚೇರಿಯಲ್ಲೇ ಕೇಳಬೇಕು.

ನಾಮಿನಿ ಸರಿಪಡಿಸಿ

ಇದನ್ನು ಮುಖತ್ಯಾರಕ್ಕಿಂತ ಮೊದಲು ಮಾಡಿ. ಸ್ಟಾಂಪ್ ಬೇಡ, ನೋಟರಿ ಬೇಡ, ವಕೀಲರೂ ಬೇಡ.

2025ರ ನವೆಂಬರ್ 1ರಿಂದ ನಿಯಮ ಬದಲಾಗಿದೆ. ಮೊದಲು ಒಂದು ಠೇವಣಿಗೆ ಒಬ್ಬರೇ ನಾಮಿನಿ. ಈಗ ನಾಲ್ಕು ಜನರ ತನಕ ಬರೆಸಬಹುದು. ಅದರಲ್ಲಿ ಎರಡು ದಾರಿ. ಒಂದು, ಎಲ್ಲರಿಗೂ ಒಟ್ಟಿಗೇ, ಪಾಲು ಹಾಕಿ: ಹೆಂಡತಿಗೆ ಶೇ 50, ಮಗನಿಗೆ 25, ಮಗಳಿಗೆ 25, ಹೀಗೆ. ಕೂಡಿದರೆ 100 ಆಗಲೇಬೇಕು. ಇನ್ನೊಂದು, ಸಾಲಾಗಿ ಒಬ್ಬರ ನಂತರ ಒಬ್ಬರು. ಮೊದಲನೆಯವರು ಇಲ್ಲದಿದ್ದರೆ ಎರಡನೆಯವರು, ಅವರೂ ಇಲ್ಲದಿದ್ದರೆ ಮೂರನೆಯವರು. ಲಾಕರಿಗೆ ಈ ಸಾಲಿನ ಪದ್ಧತಿ ಮಾತ್ರ. ಬಂಗಾರದ ಸರವನ್ನು ಶೇಕಡಾ ಲೆಕ್ಕದಲ್ಲಿ ಹಂಚಲು ಆಗುವುದಿಲ್ಲ, ಅಲ್ವಾ?

ನನಗೆ ಕೇಳಿದರೆ ವಯಸ್ಸಾದವರಿಗೆ ಸಾಲಿನ ಪದ್ಧತಿಯೇ ಒಳ್ಳೆಯದು. ಪಾಲು ಹಾಕಿದಾಗ ಒಬ್ಬ ನಾಮಿನಿ ಮೊದಲೇ ತೀರಿಕೊಂಡರೆ ಆ ಪಾಲಿಗೆ ನಾಮಿನಿಯೇ ಇಲ್ಲದಂತೆ ಆಗುತ್ತದೆ, ಮತ್ತೆ ವಾರಸಾ ಕಾಗದಕ್ಕೆ ಅಲೆದಾಟ. ಕಾಕಾ ಅತ್ಯಾನ ಹೆಸರಿನ ಕೆಳಗೆ ಕಾಕುನ, ಅಂದರೆ ತಮ್ಮ ಹೆಂಡತಿಯ, ಹೆಸರು ಬರೆಸಲು ಆಗಿದ್ದರೆ ನಮ್ಮ ಅರ್ಧ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಫಾರ್ಮಿಗೆ ಖಾತೆದಾರರೇ ಸಹಿ ಹಾಕಬೇಕು. ಜಂಟಿ ಖಾತೆಯಾದರೆ ಎಲ್ಲ ಖಾತೆದಾರರೂ. ಸಹಿ ಹಾಕುವವರಿಗೆ ಸಾಕ್ಷಿ ಬೇಡ, ಹೆಬ್ಬೆಟ್ಟು ಒತ್ತುವವರಿಗೆ ಇಬ್ಬರು ಸಾಕ್ಷಿ ಬೇಕು. ನಾಮಿನಿ ಚಿಕ್ಕ ಮಗುವಾಗಿದ್ದರೆ, ಅದರ ಪರವಾಗಿ ಹಣ ಪಡೆಯುವ ದೊಡ್ಡವರೊಬ್ಬರ ಹೆಸರನ್ನೂ ಬರೆಯಬೇಕು. ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿ. ಅದನ್ನು ಕೊಡುವುದು ಬ್ಯಾಂಕಿನ ಕರ್ತವ್ಯ. 'ಆಮೇಲೆ ಎಂಟ್ರಿ ಮಾಡ್ತೀವಿ, ನೀವು ಹೋಗ್ರಿ' ಅಂದರೆ ಹೋಗಬೇಡಿ. ಅಲ್ಲೇ ಕುರ್ಚಿಯಲ್ಲಿ ಕೂತು ಪಾಸ್‌ಬುಕ್ ಪ್ರಿಂಟ್ ಹಾಕಿಸಿಕೊಂಡೇ ಎದ್ದೇಳಿ.

ಉಳಿತಾಯ ಖಾತೆಗೆ ಬರೆಸಿದ ನಾಮಿನಿ ತಾನಾಗೇ ಎಲ್ಲ ಎಫ್‌ಡಿಗೂ ಬಂದಿರುತ್ತದೆ ಅಂದುಕೊಳ್ಳಬೇಡಿ. ಒಂದೊಂದು ರಸೀದಿಯನ್ನೂ ತಿರುವಿ ನೋಡಿ. ಮದುವೆಯಾದರೆ ಬ್ಯಾಂಕಿನ ನಾಮಿನಿ ತಾನಾಗಿ ಬದಲಾಗುವುದೂ ಇಲ್ಲ. ಪಿಎಫ್‌ನಲ್ಲಿ ಹಾಗಿಲ್ಲ, ಅಲ್ಲಿ ಮದುವೆಗೆ ಮುಂಚಿನ ನಾಮಿನೇಷನ್ ಮದುವೆಯಾದ ಮೇಲೆ ನಿಲ್ಲುವುದಿಲ್ಲ. ಕಾಕಾಗೆ ಈ ಎರಡೂ ಕಲಸಿಹೋಗಿದ್ದವು ಅನ್ನಿಸುತ್ತದೆ.

ಮುಖತ್ಯಾರ ಪತ್ರ ನಿಜವಾಗಿ ಬೇಕಾ?

ಎಷ್ಟೋ ಸಲ ಬೇಕಾಗಿರುವುದಿಲ್ಲ. ಬರೀ ತಿಂಗಳ ಪಿಂಚಣಿ ತೆಗೆಯುವ ಕೆಲಸವಾದರೆ ಮ್ಯಾಂಡೇಟ್ ಪತ್ರ ಸಾಕು. ಬ್ಯಾಂಕಿನದೇ ಫಾರ್ಮು. ಖಾತೆದಾರರೂ, ಅವರು ನೇಮಿಸುವವರೂ ಶಾಖೆಯಲ್ಲಿ ಸಹಿ ಹಾಕುತ್ತಾರೆ. ಆ ಒಂದು ಖಾತೆಗೆ ಮಾತ್ರ ಅದು ನಡೆಯುತ್ತದೆ. 70 ದಾಟಿದವರಿಗೆ ನಗದು ತಂದುಕೊಡುವುದು, ಚೆಕ್ ಒಯ್ಯುವುದು ಇಂಥ ಸೇವೆಯನ್ನು ಮನೆ ಬಾಗಿಲಿಗೇ ಕೊಡಬೇಕೆಂದು ರಿಸರ್ವ್ ಬ್ಯಾಂಕು 2017ರಲ್ಲೇ ಹೇಳಿದೆ. ನಿಮ್ಮ ಶಾಖೆಯಲ್ಲಿ ಕೇಳಿ ನೋಡಿ.

ಗಂಡ-ಹೆಂಡತಿಗೆ 'ಐದರ್ ಆರ್ ಸರ್ವೈವರ್' ಜಂಟಿ ಖಾತೆ ಎಲ್ಲಕ್ಕಿಂತ ಸುಲಭ. ಇಬ್ಬರಲ್ಲಿ ಯಾರಾದರೂ ನಡೆಸಬಹುದು. ಒಬ್ಬರು ಹೋದರೆ ಉಳಿದವರಿಗೆ ಹಣ ಸಿಗುತ್ತದೆ. ಇಬ್ಬರೂ ಹೋದ ಮೇಲಷ್ಟೇ ನಾಮಿನಿಯ ಸರದಿ. ಜಂಟಿ ಎಫ್‌ಡಿ ಇದ್ದರೆ, ಒಬ್ಬರು ತೀರಿಕೊಂಡಾಗ ಉಳಿದವರು ಅವಧಿಗೆ ಮುಂಚೆ ಮುರಿಸಬಹುದು ಎಂದು ಇಬ್ಬರೂ ಮೊದಲೇ ಬರೆದುಕೊಟ್ಟಿರಬೇಕು. ಇದನ್ನು ಯಾರೂ ಹೇಳುವುದಿಲ್ಲ. ನೀವಾಗಿಯೇ ಕೇಳಬೇಕು.

ಆದರೆ ಮೂರು ಮಕ್ಕಳಲ್ಲಿ ಊರಲ್ಲಿರುವ ಒಬ್ಬನನ್ನು 'ಅನುಕೂಲಕ್ಕೆ' ಅಂತ ಜಂಟಿ ಮಾಡುವ ಮುಂಚೆ ಎರಡು ಸಲ ಯೋಚಿಸಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿದ ದುಡ್ಡೆಲ್ಲ ತಂದೆ-ಹಿರೀಮಗನ ಜಂಟಿ ಖಾತೆಗೆ ಬೀಳುತ್ತಿದ್ದ ಒಂದು ಮನೆ ನನಗೆ ಗೊತ್ತು. ತಂದೆ ಹೋದ ಮೇಲೆ ಅದು ಯಾರ ದುಡ್ಡು ಅಂತ ಅಣ್ಣತಮ್ಮಂದಿರು ಇವತ್ತಿಗೂ ಮಾತು ಬಿಟ್ಟಿದ್ದಾರೆ.

ಹಲವು ಬ್ಯಾಂಕುಗಳಲ್ಲಿ ವ್ಯವಹಾರ ಇದ್ದರೆ, ಸಾಲ, ತೆರಿಗೆ, ಬಾಡಿಗೆ ಕರಾರು ಎಲ್ಲ ಸೇರಿದ್ದರೆ, ಅಥವಾ ಖಾತೆದಾರರು ವಿದೇಶದಲ್ಲಿದ್ದರೆ ಮುಖತ್ಯಾರ ಪತ್ರವೇ ಸರಿ.

ಪತ್ರ ಬರೆಸುವಾಗ

ಕೋರ್ಟಿನ ಮುಂದೆ ಟೈಪ್ ಮಾಡಿಕೊಡುವವರ ಹತ್ತಿರ ಸಿದ್ಧ ನಮೂನೆ ಇರುತ್ತದೆ. ಅದರಲ್ಲಿ ಹೊಲ ಮಾರುವುದರಿಂದ ಹಿಡಿದು ದಾವೆ ಹೂಡುವ ತನಕ ಹದಿನೆಂಟು ಅಧಿಕಾರ ತುಂಬಿರುತ್ತವೆ. ನಿಮಗೆ ಬೇಕಾದ ಬ್ಯಾಂಕಿನ ಮಾತು ಮಾತ್ರ ಒಂದೇ ಸಾಲು. ಬ್ಯಾಂಕಿನವರು ಅದನ್ನು ಓದಿ ತಿರುಗಿ ಕಳಿಸುತ್ತಾರೆ. ಆಮೇಲೆ ಮತ್ತೊಂದು ಸ್ಟಾಂಪ್ ಪೇಪರ್, ಮತ್ತೊಂದು ದಿನ ದಂಡ.

ಅದಕ್ಕೇ ಮೊದಲು ಕರಡು ಬರೆಸಿ ಶಾಖೆಯಲ್ಲಿ ತೋರಿಸಿ. ತಮ್ಮದೇ ನಮೂನೆ ಇರುವ ಬ್ಯಾಂಕುಗಳೂ ಇವೆ. ಅವರು ಸರಿ ಅಂದ ಮೇಲೆ ಸ್ಟಾಂಪ್ ಪೇಪರಿಗೆ ಇಳಿಸಿ. ಬ್ಯಾಂಕು, ಶಾಖೆ, ಖಾತೆ ನಂಬರು ಬಿಡಿಸಿ ಬರೆಯಿರಿ. ಏನೇನು ಮಾಡಬಹುದು ಅಂತ ಒಂದೊಂದಾಗಿ ಹೇಳಿ: ಹಣ ತೆಗೆಯುವುದು, ಚೆಕ್ಕಿಗೆ ಸಹಿ, ಎಫ್‌ಡಿ ನವೀಕರಣ, ಸ್ಟೇಟ್‌ಮೆಂಟ್ ಪಡೆಯುವುದು. ಏನು ಮಾಡಬಾರದು ಅಂತಲೂ ಬರೆಯಿರಿ. ತಿಂಗಳಿಗೆ ಇಂತಿಷ್ಟೇ ಎಂಬ ಮಿತಿ, ಎಫ್‌ಡಿ ಮುರಿಸುವಂತಿಲ್ಲ, ಸಾಲ ಎತ್ತುವಂತಿಲ್ಲ, ಸ್ವಂತ ಖಾತೆಗೆ ವರ್ಗಾಯಿಸುವಂತಿಲ್ಲ. ಮಗನ ಮೇಲೆ ಅನುಮಾನವಾ ಅಂತ ಯಾರಾದರೂ ಕೇಳಿದರೆ, ಮಗನಿಗೂ ಇದು ರಕ್ಷಣೆಯೇ ಅನ್ನಿ. ನಾಳೆ ತಂಗಿ ಲೆಕ್ಕ ಕೇಳಿದರೆ ತೋರಿಸಲು ಮಿತಿ ಬರೆದ ಪತ್ರ ಇರುತ್ತದೆ.

ಮನೆ, ಹೊಲದ ಅಧಿಕಾರವನ್ನು ಇದರೊಳಗೆ ಬೆರೆಸಬೇಡಿ. ಅದಕ್ಕೆ ಬೇರೆ ಪತ್ರ, ಬೇರೆ ಸ್ಟಾಂಪ್ ಶುಲ್ಕ, ಸಬ್‌ರಿಜಿಸ್ಟ್ರಾರ್ ಕಚೇರಿಯ ದಾರಿ.

ಇಬ್ಬರ ಫೋಟೋ, ಇಬ್ಬರ ಸಹಿ, ಇಬ್ಬರು ಸಾಕ್ಷಿದಾರರು ಇರಲಿ. ಸಹಿ ನೋಟರಿಯ ಎದುರಿಗೇ ಆಗಲಿ. ಮನೆಯಲ್ಲಿ ಸಹಿ ಹಾಕಿಸಿ ಕಾಗದ ಮಾತ್ರ ಒಯ್ದು ಮುದ್ರೆ ಒತ್ತಿಸುವ ಚಟ ನಮ್ಮಲ್ಲಿ ಜಾಸ್ತಿ. ಜಗಳ ಬಂದಾಗ ಮೊದಲು ಬೀಳುವುದೇ ಅಂಥ ಪತ್ರ. ಕೊಡುವವರಿಗೆ 80 ದಾಟಿದ್ದರೆ, ತಿಳಿದು ಒಪ್ಪಿ ಸಹಿ ಹಾಕುವ ಸ್ಥಿತಿಯಲ್ಲಿದ್ದಾರೆ ಎಂದು ಅದೇ ದಿನದ ತಾರೀಖಿನ ಡಾಕ್ಟರ್ ಚೀಟಿ ಇಟ್ಟುಕೊಳ್ಳಿ. ಜಂಟಿ ಖಾತೆಯಾದರೆ ಎಲ್ಲ ಖಾತೆದಾರರೂ ಅಧಿಕಾರ ಕೊಡಬೇಕು.

ಮಗ ವಿದೇಶದಲ್ಲಿದ್ದು ಇಲ್ಲಿನ ತನ್ನ ಖಾತೆಗೆ ತಂದೆಯನ್ನು ಮುಖತ್ಯಾರ ಮಾಡುವುದಿದ್ದರೆ, ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಣ ಮಾಡಿಸಿ ಕಳಿಸಬೇಕು. ಆ ದೇಶದ ಸರ್ಕಾರ ಒತ್ತಿಕೊಡುವ ದೃಢೀಕರಣದ ಮುದ್ರೆ, ಅಂದರೆ ಅಪೊಸ್ಟಿಲ್, ಅದೂ ನಡೆಯುತ್ತದೆ. ಪತ್ರ ಇಲ್ಲಿ ಕೈಸೇರಿದ 3 ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಿಸಬೇಕು. ಹೀಗೆ ಅಧಿಕಾರ ಪಡೆದವರು ಎನ್‌ಆರ್‌ಇ ಖಾತೆಯಿಂದ (ವಿದೇಶದಲ್ಲಿರುವವರು ಅಲ್ಲಿನ ಗಳಿಕೆಯನ್ನು ಇಲ್ಲಿ ಇಡುವ ಖಾತೆ) ಇಲ್ಲಿನ ಖರ್ಚು ಮಾಡಬಹುದು, ಆದರೆ ಮಗನ ಪರವಾಗಿ ಯಾರಿಗೂ ಉಡುಗೊರೆ ಕೊಡುವಂತಿಲ್ಲ.

ಇನ್ನು ಮುಖತ್ಯಾರನಾದವನ ಕೆಲಸ. ಎರಡು ರೂಪಾಯಿ ತೆಗೆದರೂ ಬರೆದಿಡಿ. ಔಷಧಿ ಅಂಗಡಿಯ ಬಿಲ್ಲು, ಆಸ್ಪತ್ರೆ ರಸೀದಿ ಒಂದು ಫೈಲಿಗೆ ಹಾಕಿ. ಲೆಕ್ಕ ಕೊಡುವುದು ಅವನ ದಾಕ್ಷಿಣ್ಯ ಅಲ್ಲ, ಕಾಯ್ದೆಯೇ ಹೇಳಿದ ಕರ್ತವ್ಯ. ಖಾತೆದಾರರ ನಾಮಿನಿಯನ್ನು ಬದಲಾಯಿಸಲು ಹೋಗಬೇಡಿ. ಅದಕ್ಕೆ ಅವರದೇ ಸಹಿ ಬೇಕು. ಮ್ಯೂಚುವಲ್ ಫಂಡಿನಲ್ಲಂತೂ ಮುಖತ್ಯಾರ ಹಿಡಿದವರು ನಾಮಿನಿ ಮಾಡುವಂತಿಲ್ಲ ಎಂದು ನಿಯಮವೇ ಇದೆ.

ಕೊಟ್ಟ ಅಧಿಕಾರ ವಾಪಸ್ ತೆಗೆದುಕೊಳ್ಳಬೇಕಾದರೆ ರದ್ದುಪತ್ರ ಬರೆಸಿ ಮನೆಯಲ್ಲಿಟ್ಟರೆ ಸಾಲದು. ಬ್ಯಾಂಕಿಗೆ ತಿಳಿಯುವ ತನಕ ಬ್ಯಾಂಕು ಹಳೇ ಪತ್ರವನ್ನೇ ನಂಬುತ್ತದೆ. ಅರ್ಜಿ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಮುದ್ರೆ, ತಾರೀಖು ಹಾಕಿಸಿಕೊಳ್ಳಿ.

ನಡುವಿನ ಕಾಲ

ಎಲ್ಲಕ್ಕಿಂತ ಕಷ್ಟದ್ದು ಇದು. ಹಿರಿಯರು ಬದುಕಿದ್ದಾರೆ, ಆದರೆ ಪಾರ್ಶ್ವವಾಯು ಹೊಡೆದಿದೆ, ಅಥವಾ ಮರೆವಿನ ರೋಗ ಪೂರ್ತಿ ಆವರಿಸಿದೆ. ನಾಮಿನಿಯ ಕಾಲ ಇನ್ನೂ ಬಂದಿಲ್ಲ, ಬುದ್ಧಿ ಸ್ಥಿಮಿತ ತಪ್ಪಿದ್ದರೆ ಮುಖತ್ಯಾರ ಪತ್ರದ ಬಲವೂ ಹೋಗಿದೆ.

ಬುದ್ಧಿ ಸರಿ ಇದ್ದು ಕೈ ಮಾತ್ರ ನಡೆಯದಿದ್ದರೆ ದಾರಿ ಇದೆ. ಚೆಕ್ ಅಥವಾ ಹಣ ತೆಗೆಯುವ ಚೀಟಿಯ ಮೇಲೆ ಹೆಬ್ಬೆಟ್ಟಿನ ಗುರುತು, ಅದೂ ಆಗದಿದ್ದರೆ ಕಾಲಿನ ಹೆಬ್ಬೆರಳಿನ ಗುರುತು ಸಾಕು. ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿಗಳು ಗುರುತಿಸಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯೇ ಆಗಿರಬೇಕು. ಬೆರಳೂ ಒತ್ತಲಾಗದವರು ಒಂದು ಗೆರೆಯಂಥ ಗುರುತು ಮಾಡಿದರೂ ಇದೇ ಪದ್ಧತಿಯಲ್ಲಿ ನಡೆಯುತ್ತದೆ. ದುಡ್ಡು ಯಾರ ಕೈಗೆ ಕೊಡಬೇಕು ಅಂತ ಹಿರಿಯರೇ ತೋರಿಸಬಹುದು. ಇದು ರಿಸರ್ವ್ ಬ್ಯಾಂಕಿನದೇ ಸೂಚನೆ. ಹುಬ್ಬಳ್ಳಿಯ ಆಸ್ಪತ್ರೆ ವಾರ್ಡಿನಲ್ಲಿ ತಂದೆಯನ್ನು ಮಲಗಿಸಿ ಬ್ಯಾಂಕಿಗೆ ಓಡಾಡುವ ಮಕ್ಕಳಿಗೆ ಇದು ಗೊತ್ತಿರಬೇಕು. ಶಾಖೆಗೆ ಲಿಖಿತ ಅರ್ಜಿ ಕೊಟ್ಟು ಅಧಿಕಾರಿಯನ್ನು ಆಸ್ಪತ್ರೆಗೆ ಕಳಿಸಿ ಎಂದು ಕೇಳಿ.

ಪ್ರಜ್ಞೆಯೇ ಇಲ್ಲದಿದ್ದರೆ ಕೋರ್ಟೇ ಗತಿ. ಕೋಮಾದಲ್ಲಿರುವವರಿಗೆ ಪಾಲಕರನ್ನು ನೇಮಿಸಲು ಕುಟುಂಬದವರು ಹೈಕೋರ್ಟಿಗೆ ರಿಟ್ ಅರ್ಜಿ ಹಾಕುತ್ತಾರೆ. ನಮಗೆ ಧಾರವಾಡದಲ್ಲೇ ಪೀಠ ಇರುವುದರಿಂದ ಬೆಂಗಳೂರಿಗೆ ಹೋಗುವುದು ತಪ್ಪುತ್ತದೆ. ಅಷ್ಟು ದೂರ ಹೋಗಬಾರದು ಅಂದರೆ ಗಂಡ-ಹೆಂಡತಿಯ ಜಂಟಿ ಖಾತೆಯಲ್ಲಿ ಆರು ತಿಂಗಳ ಖರ್ಚಿನಷ್ಟಾದರೂ ಇರಬೇಕು. ಉಳಿದ ಕಾಗದ ಎಷ್ಟಿದ್ದರೂ ಆ ಆರು ತಿಂಗಳು ಮನೆ ನಡೆಸುವುದು ಅದೇ.

ಅವರು ಹೋದ ಮೇಲೆ

ಎಟಿಎಂ ಕಾರ್ಡು, ಫೋನ್‌ಪೇ, ಸಹಿ ಹಾಕಿಟ್ಟ ಖಾಲಿ ಚೆಕ್ಕು, ಮುಖತ್ಯಾರ ಪತ್ರ, ಯಾವುದನ್ನೂ ಮುಟ್ಟಬೇಡಿ. ಪಿನ್ ಗೊತ್ತಿದೆ ಅಂತ ಸುಮ್ನೆ ಇಪ್ಪತ್ತು ಸಾವಿರ ತೆಗೆದವರು ಆಮೇಲೆ ಅಕ್ಕತಂಗಿಯರ ಮುಂದೆ ತಲೆ ತಗ್ಗಿಸಿದ್ದನ್ನು ನೋಡಿದ್ದೇನೆ.

ಮರಣವನ್ನು 21 ದಿನದೊಳಗೆ ನೋಂದಾಯಿಸಿ. ಹುಬ್ಬಳ್ಳಿ-ಧಾರವಾಡದೊಳಗಾದರೆ ಮಹಾನಗರ ಪಾಲಿಕೆ ಇದೆ. ಪ್ರಮಾಣಪತ್ರದ ಐದಾರು ಪ್ರತಿ ಒಟ್ಟಿಗೇ ತೆಗೆದುಕೊಳ್ಳಿ. ನಾಮಿನಿ ಇದ್ದರೆ ಕ್ಲೇಮ್ ಫಾರ್ಮ್, ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ದಾಖಲೆ, ಇಷ್ಟೇ. ವಾರಸಾ ಸರ್ಟಿಫಿಕೇಟ್ ತನ್ನಿ, ಜಾಮೀನು ಕೊಡಿ ಅಂತ ಕೇಳುವಂತಿಲ್ಲ. ಕಾಗದ ಪೂರ್ತಿ ಕೊಟ್ಟ 15 ದಿನದೊಳಗೆ ಹಣ ಬರಬೇಕು. ತಡವಾದರೆ ಲಿಖಿತ ದೂರು ಕೊಡಿ, 30 ದಿನದಲ್ಲಿ ಪರಿಹಾರ ಆಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು.

ನಾಮಿನಿ ಇಲ್ಲದಿದ್ದರೂ ಪ್ರತಿಯೊಂದಕ್ಕೂ ಕೋರ್ಟ್ ಬೇಡ. 2025ರ ರಿಸರ್ವ್ ಬ್ಯಾಂಕ್ ನಿರ್ದೇಶನದಂತೆ 15 ಲಕ್ಷ ರೂಪಾಯಿ ತನಕ, ಸಹಕಾರಿ ಬ್ಯಾಂಕಾದರೆ 5 ಲಕ್ಷದ ತನಕ, ಸರಳ ಪದ್ಧತಿ ಇದೆ. ವಾರಸದಾರರ ದಾಖಲೆ, ಇಂಡೆಮ್ನಿಟಿ ಬಾಂಡ್ (ನಾಳೆ ಬ್ಯಾಂಕಿಗೆ ನಷ್ಟವಾದರೆ ತುಂಬಿಕೊಡುತ್ತೇವೆ ಎಂಬ ಮುಚ್ಚಳಿಕೆ), ಉಳಿದವರ ಒಪ್ಪಿಗೆ ಪತ್ರ ಕೊಟ್ಟರೆ ಆಗುತ್ತದೆ. ಆದರೆ 'ಉಳಿದವರ ಒಪ್ಪಿಗೆ' ಎಂಬ ಎರಡು ಪದದಲ್ಲೇ ಎಷ್ಟೋ ಮನೆಗಳ ಜಗಳ ಕೂತಿರುತ್ತದೆ.

ಈಗ ಆ ಬಾಕಿ ಮಾತು. ನಾಮಿನಿಯ ಕೈಗೆ ಹಣ ಬಂದ ಮೇಲೆ ಅದು ಅವನದಲ್ಲ. ಬ್ಯಾಂಕಿನ ಹೊಣೆ ಮುಗಿಯಿತು, ವಾರಸದಾರರ ಹಕ್ಕು ಉಳಿಯಿತು. 2010ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಗಂಡಸೊಬ್ಬ ಉಯಿಲು ಬರೆಯದೆ ಹೋದರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು. ಬೇರೆ ರೀತಿ ಹಂಚಬೇಕು ಅಂದರೆ ಉಯಿಲು ಬರೆಯಬೇಕು. ಅದಕ್ಕೆ ಸ್ಟಾಂಪ್ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿ ಸಾಕು. ಉಯಿಲಿನಲ್ಲಿರುವವರನ್ನೇ ನಾಮಿನಿಯನ್ನಾಗಿಯೂ ಬರೆಸಿದರೆ ಓಡಾಟ ಉಳಿಯುತ್ತದೆ.

ಕಾಕಾನ ಹಣ ಬರಲು ಎರಡೂವರೆ ತಿಂಗಳು ಹಿಡಿಯಿತು. ರಾಣೆಬೆನ್ನೂರಿನಲ್ಲಿರುವ ಮಗಳು ಎರಡು ಸಲ ಬಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಹೋದಳು. ಒಂದು ಸಲ ಕಾಗದದಲ್ಲಿ ಅವಳ ತವರಿನ ಅಡ್ಡಹೆಸರಿತ್ತು, ಆಧಾರಿನಲ್ಲಿ ಗಂಡನ ಮನೆಯದು. ಹದಿಮೂರನೇ ದಿನದ ಖರ್ಚು ಸಾಲ ತಂದೇ ಆಯಿತು.

ಆಮೇಲೆ ಕಾಕುನ ಹೆಸರಿಗೆ ಹೊಸ ಖಾತೆ ತೆಗೆಯಲು ನಾನೇ ಜೊತೆಗೆ ಹೋಗಿದ್ದೆ. ನಾಮಿನಿ ಕಾಲಂ ಬಂದಾಗ ಕೌಂಟರಿನ ಹುಡುಗಿ, 'ಮಗನ ಹೆಸರು ಹಾಕ್ಲೇನ್ರಿ?' ಅಂದಳು. ಕಾಕು ಚಷ್ಮಾ ಸರಿಮಾಡಿಕೊಂಡು, 'ಮಗಳದೂ ಹಾಕವಾ. ಐವತ್ತು, ಐವತ್ತು' ಅಂದರು. ಸಾಲಿನ ಪದ್ಧತಿ ಒಳ್ಳೆಯದು ಅಂತ ನಾನು ಹೇಳಲು ಹೋದೆ. 'ಹಂಗಾದ್ರ ಎರಡನೇ ಹೆಸರು ಯಾರದು ಅಂತ ಅವ್ರಿಬ್ರೂ ಕೇಳ್ತಾರ' ಅಂದು ಸಹಿ ಹಾಕಿದರು. ಪಾಸ್‌ಬುಕ್ ಪ್ರಿಂಟ್ ಆಗಿ ಬರುವ ತನಕ ಕುರ್ಚಿ ಬಿಟ್ಟು ಏಳಲಿಲ್ಲ.